ಒಳಬಟ್ಟೆಗೂ ಒಂದು ಸದ್ಗತಿ

ಈ ಭಾಷಣದ ಹೆಸರನ್ನು ಕಾರ್ಯಕ್ರಮ ಪಟ್ಟಿಯಲ್ಲಿ ಕಂಡು ಕೆಲವರು ಮುಗುಳ್ನಕ್ಕಿರಬಹುದು. ಮನೆಯಲ್ಲಿ ಹಿರಿಯರಿದ್ದರೆ, ‘ರೇಡಿಯೋ ಸ್ವಲ್ಪ ಸಣ್ಣಗೆ ಮಾಡಪ್ಪ’ ಎಂದಿರಲೂಬಹುದು. ತಪ್ಪೇನೂ ಇಲ್ಲ. ಸೀರೆಯ ಸೆರಗಿನ ವಿಷಯವಾಗಿ, ಪಂಚೆಯ ಅಂಚಿನ ವಿಷಯವಾಗಿ ಎಷ್ಟು ಹೊತ್ತು ಮಾತನಾಡಿದರೂ ನಮಗೆ ಬೇಸರವಿಲ್ಲ. ಆದರೆ ಮೈಗೆ ಎಲ್ಲಕ್ಕಿಂತ ಹತ್ತಿರವಾಗಿದ್ದು, ಎಲ್ಲಕ್ಕಿಂತ ಹೆಚ್ಚಾಗಿ ದುಡಿದು, ಎಲ್ಲಕ್ಕಿಂತ ಬೇಗ ಸವೆಯುವ ಬಟ್ಟೆಯ ಮಾತು ಬಂದಾಗ ತಲೆ ತಗ್ಗಿಸುತ್ತೇವೆ. ಹೊಸದಾಗಿದ್ದಾಗ ಅಂಗಡಿಯವನು ಅದನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಒಗೆದ ಮೇಲೆ ಅದು ಟವೆಲಿನ ಮರೆಯಲ್ಲಿ ಒಣಗುತ್ತದೆ. ಹರಿದ ಮೇಲೆ ಎಲ್ಲಿಗೆ ಹೋಗುತ್ತದೆ? ಇದನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ಯಾರೂ ಕೇಳದೆ ಇರುವುದರಿಂದಲೇ ಒಂದು ತೊಂದರೆ ಹುಟ್ಟಿಕೊಂಡಿದೆ. ಆದ್ದರಿಂದ ಇಂದು ಸ್ವಲ್ಪ ಹೊತ್ತು, ಸಂಕೋಚವನ್ನು ಪಕ್ಕಕ್ಕಿಟ್ಟು, ಆ ಪ್ರಶ್ನೆಯನ್ನೇ ಕೇಳಿಕೊಳ್ಳೋಣ.

ಪಂಡಿತ ಪರೀಕ್ಷೆಗೆ ಓದಿದವರಿಗೆ ಒಂದು ಚಾಳಿ ಉಂಟು. ಯಾವ ವಿಷಯವನ್ನು ಹಿಡಿದರೂ ಮೊದಲು ಅದರ ಹೆಸರಿನ ಬೇರನ್ನು ಕೆದಕಿ ನೋಡಬೇಕು. ನಾನೂ ಅದಕ್ಕೆ ಹೊರತಲ್ಲ. ‘ಬನಿಯನ್’ ಎಂಬ ಮಾತನ್ನು ನಾವು ಇಂಗ್ಲಿಷಿನದೆಂದು ತಿಳಿದಿದ್ದೇವೆ. ವಾಸ್ತವವಾಗಿ ಅದು ನಮ್ಮ ದೇಶದ ‘ಬನಿಯಾ’, ಎಂದರೆ ವರ್ತಕ. ಇಲ್ಲಿಯ ವರ್ತಕರು ತೊಡುತ್ತಿದ್ದ ಸಡಿಲವಾದ ಅಂಗಿಗೆ ಪರದೇಶದವರು ಆ ಹೆಸರನ್ನಿಟ್ಟರು. ಹೆಸರು ಕಡಲು ದಾಟಿ ಹೋಗಿ, ತೋಳು ಮೊಟಕಾಗಿ, ಮತ್ತೆ ನಮ್ಮ ಮೈಗೇ ಬಂದು ಸೇರಿತು. ಇದಕ್ಕಿಂತ ಸ್ವಾರಸ್ಯವಾದದ್ದು ‘ಕೌಪೀನ’. ಈ ಶಬ್ದಕ್ಕಾಗಿ ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಒಂದು ಸೂತ್ರದಲ್ಲಿಯೇ ಜಾಗವಿದೆ. ಕೂಪವೆಂದರೆ ಬಾವಿ. ಬಾವಿಗೆ ಇಳಿಸಿಬಿಡುವುದಕ್ಕೆ ತಕ್ಕದ್ದು ಕೌಪೀನ ಎಂದು ವ್ಯಾಖ್ಯಾನಕಾರರು ಪದವನ್ನು ಬಿಡಿಸುತ್ತಾರೆ. ಮೊದಲು ಅದು ಮಾಡಬಾರದ ಕೆಲಸಕ್ಕೆ ಸಲ್ಲುತ್ತಿದ್ದ ಮಾತು. ಅಲ್ಲಿಂದ ಮರೆಮಾಡಬೇಕಾದ ಅಂಗಕ್ಕೆ ಬಂತು. ಅಂಗದಿಂದ ಅದನ್ನು ಮರೆಮಾಡುವ ಬಟ್ಟೆಗೆ ಬಂತು.

ವೈಯಾಕರಣರು ಹೇಳಿದ್ದು ಶಬ್ದಾರ್ಥವನ್ನು. ನಾವು ಅದನ್ನು ಆಜ್ಞೆಯೆಂದು ತಿಳಿದವರ ಹಾಗೆ ನಡೆಯುತ್ತಿದ್ದೇವೆ. ಕಣ್ಮರೆಯಾದರೆ ಸಾಕು ಎಂದು ಹಳೆಯ ಒಳಬಟ್ಟೆಯನ್ನು ಹಾಳು ಬಾವಿಗೆ, ಮೋರಿಗೆ, ಹಳ್ಳಕ್ಕೆ, ಹೊಳೆಗೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ನಮ್ಮ ತರೀಕೆರೆಯ ಸೀಮೆಯನ್ನೇ ನೋಡಿ. ಕೆಮ್ಮಣ್ಣುಗುಂಡಿಯಿಂದ ಕೆಳಗೆ, ತೋಟ ಮತ್ತು ಕಾಡುಗಳ ನಡುವೆ ಹೆಬ್ಬೆ ಅಬ್ಬಿ ಇದೆ. ಸುಮಾರು 550 ಅಡಿ ಎಂದು ಹೇಳುವ ಎತ್ತರದಿಂದ ನೀರು ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಮೆಟ್ಟಿಲಾಗಿ ಇಳಿಯುತ್ತದೆ. ಸುತ್ತಲಿನದು ಭದ್ರಾ ಅಭಯಾರಣ್ಯ. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಈ ಮಲೆಗಳ ನೀರು ಭದ್ರೆಯನ್ನು ಸೇರುತ್ತದೆ. ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು. ಅಲ್ಲಿಂದ ಒಂದು ಪಾಲು ನಾಲೆಯಲ್ಲಿ ದಾವಣಗೆರೆ ಸೀಮೆಯ ಗದ್ದೆಗಳಿಗೆ ಹೋಗುತ್ತದೆ. ಇನ್ನೊಂದು ಪಾಲು ಹೊಳೆಯಾಗಿ ಭದ್ರಾವತಿಯನ್ನು ಹಾದು, ಕೂಡಲಿಯಲ್ಲಿ ತುಂಗೆಯನ್ನು ಕೂಡಿಕೊಂಡು, ಹರಿಹರ ಹಂಪೆಗಳ ಕಡೆಗೆ ಸಾಗುತ್ತದೆ. ಅಬ್ಬಿಯ ಬುಡದಲ್ಲಿ ನಿಂತವನಿಗೆ ಇದೆಲ್ಲ ಕಾಣುವುದಿಲ್ಲ. ಅವನಿಗೆ ಕಾಣುವುದು ತಣ್ಣನೆಯ ನೀರು, ಸುತ್ತಲೂ ಕಾಡು, ಹಿಂದಿರುಗುವುದಕ್ಕೆ ಕಾದಿರುವ ಜೀಪು.

ಇಂಥ ಅಬ್ಬಿಗಳಿಗೆ ಬಂದವರು ನೀರಿಗಿಳಿಯುತ್ತಾರೆ. ಮಿಂದು ಬಂದು ಒಣಬಟ್ಟೆ ತೊಡುತ್ತಾರೆ. ಒದ್ದೆಯಾದ ಅಂಗಿಯನ್ನೂ ಪಂಚೆಯನ್ನೂ ಹಿಂಡಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಒದ್ದೆಯ ಒಳಬಟ್ಟೆಯೊಂದು ಮಾತ್ರ ಬಂಡೆಯ ಸಂದಿಯಲ್ಲಿ ಉಳಿದುಬಿಡುತ್ತದೆ; ಹೇಗೂ ಹಳೆಯದು, ಯಾರು ಹೊರಬೇಕು? ಹೆಬ್ಬೆಯಿಂದ ಬಹು ದೂರವೇನಲ್ಲದ ಕಲ್ಲತ್ತಿಗಿರಿಯಲ್ಲಿ ವೀರಭದ್ರಸ್ವಾಮಿಯ ಗುಡಿಯ ಬಳಿಯೇ ಅಬ್ಬಿ ಧುಮುಕುತ್ತದೆ. ಅಲ್ಲಿ ಮೀಯುವವರಿಗೆ ಅದು ವಿನೋದವಲ್ಲ, ಭಕ್ತಿ. ನೇತ್ರಾವತಿಯಲ್ಲಿ, ಕುಮಾರಧಾರೆಯಲ್ಲಿ ಮೀಯುವ ಸಾವಿರಾರು ಜನರಿಗೂ ಹಾಗೆಯೇ. ಆದರೆ ಉಟ್ಟು ಮಿಂದ ಹಳೆಯ ಬಟ್ಟೆಯನ್ನು ಹೊಳೆಯಲ್ಲಿ ಬಿಟ್ಟರೆ ದೋಷವೂ ಹರಿದುಹೋಗುತ್ತದೆಂಬ ಒಂದು ನಂಬಿಕೆ ಅದರೊಡನೆ ಬೆಳೆದುಕೊಂಡಿದೆ. ಇದು ಎಷ್ಟರ ಮಟ್ಟಿಗೆ ಬೆಳೆಯಿತೆಂದರೆ, 2025ರ ಮಾರ್ಚಿಯಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರೇ ಅಧಿಕಾರಿಗಳಿಗೆ ಸೂಚನೆ ಕೊಡಬೇಕಾಯಿತು: ತೀರ್ಥಕ್ಷೇತ್ರಗಳ ನದಿ, ಕೆರೆಗಳಿಂದ 500 ಮೀಟರಿನೊಳಗೆ ಸಾಬೂನು, ಶಾಂಪೂಗಳ ಮಾರಾಟವನ್ನು ತಡೆಯಬೇಕು, ಭಕ್ತರು ಬಟ್ಟೆಗಳನ್ನು ನೀರಿಗೆ ಬಿಡದಂತೆ ನೋಡಿಕೊಳ್ಳಬೇಕು.

ಇಲ್ಲಿ ಒಬ್ಬರು ಕೇಳಬಹುದು: ‘ನಮ್ಮ ಅಜ್ಜಂದಿರೂ ಬಿಡುತ್ತಿದ್ದರಲ್ಲ, ಆಗ ಹೊಳೆ ಕೆಡಲಿಲ್ಲವೆ?’ ಪ್ರಶ್ನೆ ಸರಿಯಾಗಿದೆ. ಅದರ ಉತ್ತರ ಬಟ್ಟೆಯಲ್ಲಿದೆ. ಅಜ್ಜನ ಲಂಗೋಟಿ ಅಪ್ಪಟ ಹತ್ತಿಯದು. ಅದರಲ್ಲಿ ಗುಂಡಿಯಿಲ್ಲ, ಕೊಕ್ಕೆಯಿಲ್ಲ, ಹಿಗ್ಗುವ ಪಟ್ಟಿಯಿಲ್ಲ. ಹತ್ತಿಯೆಂಬುದು ಗಿಡದ ಒಡಲು. ಗಿಡವನ್ನು ತಿನ್ನುವ ಶಿಲೀಂಧ್ರ, ಸೂಕ್ಷ್ಮಜೀವಿಗಳಿಗೆ ಅದೂ ಆಹಾರವೇ. ನಮ್ಮ ಚಡ್ಡಿಯ ಕಥೆ ಬೇರೆ. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ 1935ರಲ್ಲಿ ನೈಲಾನ್ ಹುಟ್ಟಿತು. ಅದೇ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞ 1958ರಲ್ಲಿ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ನೂಲನ್ನು ಕಂಡುಹಿಡಿದ. ಮೈಗೆ ಹಿತವಾಗಿ ಅಂಟಿ ಕೂರುವ ಇಂದಿನ ಒಳಬಟ್ಟೆಯಲ್ಲಿ ಸಾಮಾನ್ಯವಾಗಿ ಇಂಥ ಒಂದಿಷ್ಟು ನೂಲು ಇದ್ದೇ ಇರುತ್ತದೆ. ಸೊಂಟದ ಪಟ್ಟಿಯಂತೂ ಪೂರ್ತಿ ಕೃತಕ. ಇವು ಕೊಳೆಯುವುದಿಲ್ಲ. ವರ್ಷಾಂತರಗಳಲ್ಲಿ ಸಣ್ಣ ಸಣ್ಣ ಎಳೆಯಾಗಿ ಒಡೆದು ನೀರಿನಲ್ಲಿ, ಕೆಸರಿನಲ್ಲಿ, ಮೀನಿನ ಹೊಟ್ಟೆಯಲ್ಲಿ ಉಳಿದಿರುತ್ತವೆ. ಅಜ್ಜನ ಆಚಾರವನ್ನು ಉಳಿಸಿಕೊಂಡು ಅಜ್ಜನ ಬಟ್ಟೆಯನ್ನು ಬಿಟ್ಟವರು ನಾವು. ತೊಂದರೆ ಇರುವುದು ಅಲ್ಲಿ.

ದಡದಲ್ಲಿ ಬಿದ್ದ ಬಟ್ಟೆಯ ಗತಿಯೂ ಒಳ್ಳೆಯದಲ್ಲ. ಬೆವರಿನಲ್ಲಿ ಉಪ್ಪಿದೆ. ದನಗಳು ಉಪ್ಪಿನ ಆಸೆಗೆ ಬಟ್ಟೆಯನ್ನು ಅಗಿಯುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿರುತ್ತೀರಿ. ಹಿಗ್ಗುವ ಪಟ್ಟಿ ಹೊಟ್ಟೆ ಸೇರಿದರೆ ಕರಗುವಂತಿಲ್ಲ, ಹೊರಬರುವಂತಿಲ್ಲ.

ಹೊಳೆ ದೂರವಿರುವ ಪಟ್ಟಣದಲ್ಲಿ ಏನಾಗುತ್ತದೆ? ಅಲ್ಲಿ ಮೋರಿ ಇದೆ. ತರೀಕೆರೆಯಾಗಲಿ, ಕಡೂರು, ಬೀರೂರು, ಅಜ್ಜಂಪುರವಾಗಲಿ, ಮಳೆಗಾಲದ ಮೊದಲ ಜಡಿಗೆ ಮೋರಿ ಕಟ್ಟಿಕೊಂಡಿತೆಂದರೆ ಅದರೊಳಗೆ ಪ್ಲಾಸ್ಟಿಕ್ ಚೀಲದ ಜೊತೆಗೆ ಬಟ್ಟೆಯ ಉಂಡೆ ಇದ್ದೇ ಇರುತ್ತದೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅದನ್ನು ಶೌಚಾಲಯದ ಗುಂಡಿಗೇ ನೂಕಿ ನೀರು ಹೊಯ್ಯುತ್ತಾರೆ. ಅದು ಕೊಳವೆಯ ತಿರುವಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಮನುಷ್ಯನ ಕೈಯಿಂದ ಮಲ ಬಾಚಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ರಕ್ಷಣೆಯ ಸಲಕರಣೆಯಿಲ್ಲದೆ ಒಳಚರಂಡಿಗೆ ಜನರನ್ನು ಇಳಿಸುವುದನ್ನೂ ನಿಷೇಧಿಸಿದೆ. ಕಾಯಿದೆ ಒಳ್ಳೆಯದು. ಆದರೆ ಕಟ್ಟಿಕೊಂಡ ಮೋರಿ ಕಾಯಿದೆಯನ್ನು ಓದಿ ಬಿಟ್ಟುಕೊಳ್ಳುವುದಿಲ್ಲ. ಕೊನೆಗೆ ಪುರಸಭೆಯ ಪೌರಕಾರ್ಮಿಕನೊಬ್ಬ, ಅಥವಾ ಕಸ ವಿಂಗಡಿಸುವ ಹೆಣ್ಣುಮಗಳೊಬ್ಬಳು, ಆ ಬಟ್ಟೆಯನ್ನು ಎತ್ತಲೇಬೇಕು. ನಮ್ಮ ಮನೆಯ ಒಗೆಯುವ ಕಲ್ಲಿನ ಬಳಿ ನಮ್ಮವರ ಕಣ್ಣಿಗೆ ಬೀಳಬಾರದೆಂದು ಮುಚ್ಚಿಟ್ಟ ವಸ್ತು ನಮಗೆ ಪರಿಚಯವೇ ಇಲ್ಲದ ಇನ್ನೊಬ್ಬರ ಕೈಗೆ, ಅದೂ ಕೊಳಚೆಯೊಡನೆ, ಹೋಗಿ ಸೇರಿತು. ಮಾನ ಕಾಪಾಡಿಕೊಳ್ಳುವುದೆಂದರೆ ಇದೇ ಏನು? ಇದನ್ನು ತಾವೇ ಯೋಚಿಸಿ ನೋಡಬೇಕು.

ಮಲೆನಾಡಿನ ಮನೆಗಳಲ್ಲಿ ಮೂರನೆಯ ದಾರಿಯೊಂದಿದೆ: ಬಚ್ಚಲ ಹಂಡೆಯ ಒಲೆ. ಅಡಿಕೆ ಸಿಪ್ಪೆ, ತೆಂಗಿನ ಗರಿ, ಕಾಫಿಯ ಕಡ್ಡಿ ಎಲ್ಲವನ್ನೂ ನುಂಗುವ ಆ ಒಲೆ ಒಂದು ಹರಕು ಬನಿಯನ್ನನ್ನು ನುಂಗಲಾರದೆ? ಅಪ್ಪಟ ಹತ್ತಿಯಾದರೆ ನುಂಗೀತು. ಕೃತಕ ನೂಲು ಸೇರಿದ್ದರೆ ಅದು ಉರಿಯುವುದಕ್ಕಿಂತ ಹೆಚ್ಚಾಗಿ ಕರಗಿ ತೊಟ್ಟಿಕ್ಕುತ್ತದೆ, ಕಟುವಾದ ಹೊಗೆ ಬಿಡುತ್ತದೆ. ಆ ಹೊಗೆಯಲ್ಲಿ ಮೀಯುವವರು ಮನೆಯ ಮಕ್ಕಳು. ಆ ಬೂದಿಯನ್ನೇ ಗಿಡದ ಬುಡಕ್ಕೂ ಹಾಕುತ್ತೇವೆ. ಆದ್ದರಿಂದ ಒಲೆಯ ದಾರಿಯೂ ಬೇಡ.

ಹಾಗಾದರೆ ಮಾಡಬೇಕಾದದ್ದೇನು? ಉತ್ತರ ನಮ್ಮ ಹಳೆಯ ಮನೆತನದಲ್ಲಿಯೇ ಇದೆ. ಹಿಂದೆ ಒಂದು ಬಟ್ಟೆ ಮನೆಗೆ ಬಂದರೆ ಅದಕ್ಕೆ ಅನೇಕ ಜನ್ಮಗಳು. ಹಬ್ಬದ ಸೀರೆ ದಿನಬಳಕೆಗೆ ಬಂತು. ದಿನಬಳಕೆಯದು ಮೆತ್ತಗಾದ ಮೇಲೆ ಬಾಣಂತಿಯ ಕೋಣೆಗೆ ಹೋಗಿ ಮಗುವಿನ ಅಡಿಬಟ್ಟೆಯಾಯಿತು. ಆಮೇಲೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ಆಮೇಲೆ ನೆಲ ಒರಸುವ ಬಟ್ಟೆ. ಕೊನೆಗೆ ಕತ್ತಲೆಯಲ್ಲಿ ಗದ್ದೆಗೆ ಹೋಗುವವನ ಕೈಯ ಪಂಜು. ಬಯಲುಸೀಮೆಯ ಹೆಂಗಸರು ಹಳೆಯ ಬಟ್ಟೆಯನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡಿದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ಈಗ ಪರದೇಶದವರೂ ಬಂದು ನೋಡುತ್ತಾರೆ. ಯೂರೋಪಿನಲ್ಲಿ 19ನೆಯ ಶತಮಾನದ ನಡುವಿನವರೆಗೆ ಕಾಗದ ಮಾಡುತ್ತಿದ್ದುದು ಬಹುಮಟ್ಟಿಗೆ ಚಿಂದಿಬಟ್ಟೆಯಿಂದ. ಅಲ್ಲಿಯ ಮಹಾಕವಿಗಳ ಕಾವ್ಯ ಅಚ್ಚಾದದ್ದು ಯಾರೋ ಉಟ್ಟು ಸವೆಸಿದ ಬಟ್ಟೆಯ ಮೇಲೆ ಎಂದರೆ ತಪ್ಪಲ್ಲ.

ಒಳಬಟ್ಟೆ ಮಾತ್ರ ಈ ಸಾಲಿಗೆ ಸೇರಲಿಲ್ಲ. ಹಳೆಯ ಬಟ್ಟೆಗೆ ಪಾತ್ರೆ ಕೊಡುತ್ತ ಬೀದಿಯಲ್ಲಿ ಬರುವಾಕೆ ಅದನ್ನು ಮುಟ್ಟುವುದಿಲ್ಲ. ಬಡವರಿಗೆಂದು ಬಟ್ಟೆ ಕೂಡಿಸುವವರೂ ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಅವರು ಹೇಳುವುದು ನ್ಯಾಯ. ತಾವು ಉಡಲಾರದ್ದನ್ನು ಇನ್ನೊಬ್ಬರಿಗೆ ಉಡಲು ಕೊಡುವುದು ದಾನವಾಗಲಾರದು. ಪಾಣಿಪತ್ತಿನಲ್ಲಿ ಹಳೆಯ ಉಣ್ಣೆಬಟ್ಟೆಯನ್ನು ಎಳೆಯೆಳೆಯಾಗಿ ಬಿಡಿಸಿ ಮತ್ತೆ ನೂಲು ತೆಗೆದು ಕಂಬಳಿ ನೇಯುವ ದೊಡ್ಡ ಉದ್ಯಮವಿದೆ. ಆದರೆ ಹಿಗ್ಗುವ ನೂಲು ಬೆರೆತ ಬಟ್ಟೆಯನ್ನು ಹಾಗೆ ಬಿಡಿಸುವುದು ಯಂತ್ರಗಳಿಗೂ ಕಷ್ಟ. ಅಂತೂ ಈ ಬಟ್ಟೆಗೆ ಸದ್ಗತಿ ಕಾಣಿಸಬೇಕಾದವರು ಅದನ್ನು ತೊಟ್ಟವರೇ.

ಅದಕ್ಕೆ ಬೇಕಾದ ಸಾಧನ ಒಂದೇ: ಕತ್ತರಿ.

ಸವೆದ ಬನಿಯನ್ನನ್ನೋ ಚಡ್ಡಿಯನ್ನೋ ಮೊದಲು ಬಿಸಿನೀರಿನಲ್ಲಿ ಸಾಬೂನು ಹಾಕಿ ಚೆನ್ನಾಗಿ ಒಗೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ. ಆಮೇಲೆ ಸೊಂಟದ ಪಟ್ಟಿ, ಕಾಲಿನ ಪಟ್ಟಿ, ಕೊಕ್ಕೆ, ಗುಂಡಿ, ತಂತಿ, ಹೆಸರಿನ ಚೀಟಿ ಇವನ್ನು ಕತ್ತರಿಸಿ ಬೇರೆ ಮಾಡಿ. ಉಳಿದ ಬಟ್ಟೆಯನ್ನು ಹೊಲಿಗೆಯ ಗುಂಟ ಬಿಡಿಸಿ ಅಂಗೈಯಗಲದ ತುಂಡುಗಳಾಗಿಯೋ ಎರಡು ಬೆರಳಗಲದ ಪಟ್ಟಿಗಳಾಗಿಯೋ ಕತ್ತರಿಸಿ. ಈಗ ನೋಡಿ: ಅದು ಯಾರದು, ಏನಾಗಿತ್ತು ಎಂದು ಹೇಳಬಲ್ಲವರು ಯಾರೂ ಇಲ್ಲ. ಅದು ಬರಿಯ ಬಟ್ಟೆ. ನಮ್ಮ ನಾಚಿಕೆಯೆಲ್ಲ ಇದ್ದದ್ದು ಅದರ ಆಕಾರದಲ್ಲಿ. ಆಕಾರ ಹೋದರೆ ನಾಚಿಕೆಯೂ ಹೋಯಿತು. ವಿಶೇಷವಾಗಿ ಮನೆಯ ಹೆಣ್ಣುಮಕ್ಕಳಿಗೆ ಈ ಮಾತನ್ನು ಹೇಳಬೇಕಾಗಿದೆ. ಬೀರುವಿನ ಮೂಲೆಯಲ್ಲಿ ವರ್ಷಗಟ್ಟಲೆ ಗಂಟು ಕಟ್ಟಿಡುವ ಕಷ್ಟ ಅವರದೇ ಹೆಚ್ಚು.

ಈ ತುಂಡುಗಳಿಂದಾಗುವ ಉಪಯೋಗ ಕಡಿಮೆಯದಲ್ಲ. ಬನಿಯನ್ನಿನ ಹೆಣಿಗೆಯ ಬಟ್ಟೆ ನೀರನ್ನೂ ಎಣ್ಣೆಯನ್ನೂ ಚೆನ್ನಾಗಿ ಹೀರುತ್ತದೆ. ಮೋಟಾರು ರಿಪೇರಿಯ ಅಂಗಡಿಯವರು, ಅಚ್ಚುಕೂಟದವರು ಯಂತ್ರ ಒರಸುವುದಕ್ಕೆ ‘ಬನಿಯನ್ ವೇಸ್ಟ್’ ಎಂದು ಇದೇ ಜಾತಿಯ ಚೂರುಗಳನ್ನು ಕೊಂಡು ತರುತ್ತಾರೆ. ಮನೆಯಲ್ಲಿ ಸೈಕಲ್ಲು, ಹೊಲಿಗೆ ಯಂತ್ರ, ಕಿಟಕಿಯ ಗಾಜು, ದೀಪದ ಬುರುಡೆ ಒರಸಲು ಇದಕ್ಕಿಂತ ಒಳ್ಳೆಯದು ಸಿಕ್ಕದು. ನಮ್ಮ ಉಪಾಧ್ಯಾಯ ವೃತ್ತಿಯಲ್ಲಿ ಕರಿಹಲಗೆ ಒರಸುವುದಕ್ಕೂ ಸೊಗಸು. ಸೀಮೆಸುಣ್ಣದ ಧೂಳನ್ನು ಹಿಡಿದುಕೊಳ್ಳುತ್ತದೆ. ತೋಟವಿದ್ದವರಿಗೆ ಇನ್ನೂ ಒಂದು ಉಪಯೋಗ. ಕಾಳುಮೆಣಸಿನ ಎಳೆಯ ಬಳ್ಳಿಯನ್ನು ಮರಕ್ಕೆ ಕಟ್ಟುವಾಗ ಪ್ಲಾಸ್ಟಿಕ್ ದಾರ ಬಳ್ಳಿಯನ್ನು ಕೊಯ್ಯುತ್ತದೆ. ಬನಿಯನ್ ಪಟ್ಟಿ ಮೃದು. ಬಳ್ಳಿ ಬಲಿತಂತೆ ತಾನೂ ಹಿಗ್ಗಿಕೊಡುತ್ತದೆ. ಕತ್ತರಿಸಿ ತೆಗೆದ ಸೊಂಟದ ಪಟ್ಟಿಯಲ್ಲಿ ಬಿಗಿ ಉಳಿದಿದ್ದರೆ ಹಳೆಯ ಪತ್ರಿಕೆಗಳ ಕಟ್ಟಿಗೋ ಗೋಣಿಚೀಲದ ಬಾಯಿಗೋ ಆಗುತ್ತದೆ. ದೇವರ ದೀಪದ ಬತ್ತಿಗೆ, ಅಡಿಗೆಯ ಪಾತ್ರೆಗೆ ಮಾತ್ರ ಬೇಡ. ಮಡಿಯ ಮಾತೂ ಹೌದು, ಶುಚಿಯ ಮಾತೂ ಹೌದು.

ಒರಸಿ ಒರಸಿ ಸವೆದ ಮೇಲೆ? ಅಪ್ಪಟ ಹತ್ತಿಯಾದರೆ, ಅದರಲ್ಲಿ ಯಂತ್ರದೆಣ್ಣೆ ಬಣ್ಣ ಮೆತ್ತಿಲ್ಲದಿದ್ದರೆ, ನಿಮ್ಮ ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಿ. ಮಣ್ಣು ಅದನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಇದನ್ನು ದೊಡ್ಡ ಪ್ರಯೋಗವಾಗಿಯೇ ಮಾಡಿ ನೋಡಿದವರಿದ್ದಾರೆ. ಸ್ವಿಟ್ಜರ್ಲೆಂಡಿನ ಆಗ್ರೋಸ್ಕೋಪ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯೂ ಜ್ಯೂರಿಕ್ ವಿಶ್ವವಿದ್ಯಾಲಯವೂ ಸೇರಿ 2021ರಲ್ಲಿ ಸುಮಾರು 1,000 ಜನರ ಕೈಯಲ್ಲಿ 2,000 ಹತ್ತಿಯ ಚಡ್ಡಿಗಳನ್ನು ಹೊಲ, ತೋಟ, ಹಿತ್ತಲುಗಳಲ್ಲಿ ಹೂಳಿಸಿದವು. ಒಂದನ್ನು ತಿಂಗಳ ಮೇಲೆ, ಇನ್ನೊಂದನ್ನು ಎರಡು ತಿಂಗಳ ಮೇಲೆ ಅಗೆದು ತೆಗೆಯುವುದು. ಬಟ್ಟೆ ಎಷ್ಟು ಹೆಚ್ಚಾಗಿ ಮಾಯವಾಗಿದ್ದರೆ ಆ ಮಣ್ಣಿನಲ್ಲಿ ಜೀವ ಅಷ್ಟು ಹೆಚ್ಚು ಎಂದು ಲೆಕ್ಕ. ಕೆನಡ, ಅಮೆರಿಕಗಳ ರೈತರೂ ಹೀಗೆಯೇ ಮಣ್ಣಿನ ಪರೀಕ್ಷೆ ಮಾಡುತ್ತಾರೆ. ನಾವು ಹೇಳಲು ನಾಚುವ ವಸ್ತುವನ್ನು ಅವರು ವಿಜ್ಞಾನಕ್ಕೆ ಸಾಕ್ಷಿಯಾಗಿ ನಿಲ್ಲಿಸಿದರು!

ಈ ಪರೀಕ್ಷೆಯನ್ನು ತಾವೂ ಮಾಡಬಹುದು. ಬಿಳಿಯ ಹತ್ತಿಯ ಹಳೆಯ ಚಡ್ಡಿಯೊಂದನ್ನು, ಈ ಸಲ ಕತ್ತರಿಸದೆ ಇಡಿಯಾಗಿ, ತೇವವಿರುವ ಮಣ್ಣಿನಲ್ಲಿ ಒಂದು ಗೇಣು ಆಳಕ್ಕೆ ಹೂಳಿ, ಗುರುತಿಗೆ ಕಡ್ಡಿ ನೆಟ್ಟು, ಎರಡು ತಿಂಗಳು ಬಿಟ್ಟು ಅಗೆಯಿರಿ. ಒಳ್ಳೆಯ ಮಣ್ಣಾದರೆ ಬಟ್ಟೆ ಬಹುಪಾಲು ಹೋಗಿರುತ್ತದೆ. ಉಳಿಯುವುದು ಸೊಂಟದ ಪಟ್ಟಿ ಮತ್ತು ಹೊಲಿಗೆಯ ಕೃತಕ ದಾರ, ಚಡ್ಡಿಯ ಅಸ್ಥಿಪಂಜರವೆನ್ನಿ. ಮಣ್ಣಿಗೆ ಏನು ಸಲ್ಲುತ್ತದೆ, ಏನು ಸಲ್ಲುವುದಿಲ್ಲ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭವಾದ ಪಾಠವಿಲ್ಲ. ಮಲೆಯ ಕಾಡುಮಣ್ಣಿನ ಹಿತ್ತಲಲ್ಲಿ ಒಂದು, ಕಡೂರಿನ ಬಯಲು ಹೊಲದಲ್ಲಿ ಒಂದು ಹೂಳಿ ಹೋಲಿಸಿದರೆ ಇನ್ನೂ ಚೆನ್ನ. ನೋಡಿ ಆದ ಮೇಲೆ ಉಳಿದ ಪಟ್ಟಿಯನ್ನು ಮರೆಯದೆ ತೆಗೆದುಬಿಡಿ.

ಕೃತಕ ನೂಲಿನ ಬಟ್ಟೆ, ಪಟ್ಟಿ, ದಾರ ಇವು ಗೊಬ್ಬರಕ್ಕೂ ಸಲ್ಲವು, ಒಲೆಗೂ ಸಲ್ಲವು. ಒಗೆದು ಒಣಗಿಸಿ, ಪುರಸಭೆಯ ಗಾಡಿ ಬಂದಾಗ ಒಣಕಸದಲ್ಲಿ ಕೊಡಿ. ಮನೆಯಲ್ಲಿಯೇ ಹಸಿಕಸ, ಒಣಕಸಗಳನ್ನು ಬೇರೆ ಮಾಡಬೇಕೆಂದು, ಕಸವನ್ನು ಬೀದಿಯಲ್ಲಿ, ಮೋರಿಯಲ್ಲಿ, ನೀರಿನಲ್ಲಿ ಎಸೆಯಬಾರದೆಂದು 2016ರ ಘನತ್ಯಾಜ್ಯ ನಿಯಮಗಳೇ ವಿಧಿಸಿದವು. ಮರುಬಳಕೆಗೆ ಬಾರದ ಒಣಕಸವನ್ನು ಸಿಮೆಂಟ್ ಕಾರ್ಖಾನೆಗಳ ದೊಡ್ಡ ಕುಲುಮೆಗೆ ಇಂಧನವಾಗಿ ಕಳುಹಿಸುವ ಪದ್ಧತಿಯೂ ಇದೆ. ಹಸಿಯಾದ, ಕೊಳೆಯಾದ ಬಟ್ಟೆಯನ್ನು ಒಣಕಸಕ್ಕೆ ಹಾಕಿದರೆ ಅದು ಮಿಕ್ಕ ಕಾಗದವನ್ನೂ ಕೆಡಿಸುತ್ತದೆ. ಇನ್ನು ರೋಗಿಯ ಬಟ್ಟೆ, ರಕ್ತ ಮೊದಲಾದವು ಮೆತ್ತಿ ಒಗೆಯಲು ಬಾರದ ಬಟ್ಟೆ ಇದ್ದರೆ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೈಗೆ ಕೊಡಿ. ಒಳಗೇನಿದೆ ಎಂದು ಗಾಡಿಯವರಿಗೆ ಒಂದು ಮಾತು ತಿಳಿಸಿದರೆ ಸಂಕೋಚವಾದೀತೇ ಹೊರತು ಅಪಮಾನವಾಗದು. ತಿಳಿಸದೆ ಇದ್ದರೆ ಅವರು ಬರಿಗೈಯಲ್ಲಿ ಬಿಚ್ಚಬೇಕಾಗುತ್ತದೆ.

ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ಕೌಪೀನವನ್ನು ಇಲಿಯಿಂದ ಕಾಪಾಡಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸುವಿನ ಚಾಕರಿಗೆ ಸಂಸಾರವನ್ನೇ ಹೂಡಿದ ಸನ್ಯಾಸಿಯ ಕಥೆ ನಿಮಗೆ ಗೊತ್ತೇ ಇದೆ. ಅಗ್ಗವೆಂದು ಡಜನ್‌ಗಟ್ಟಲೆ ಕೊಂಡು ತುಂಬಿದ ಬೀರು ಆ ಸಂಸಾರದ ಹಾಗೆಯೇ ಬೆಳೆಯುತ್ತದೆ. ಒಳಗಿನ ಚೀಟಿಯನ್ನು ಓದಿ, ಹತ್ತಿ ಹೆಚ್ಚಿರುವುದನ್ನು, ಪಟ್ಟಿಯನ್ನು ಬದಲಾಯಿಸಲು ಬರುವುದನ್ನು ಆರಿಸಿ. ಬಟ್ಟೆ ಗಟ್ಟಿಯಾಗಿದ್ದು ಪಟ್ಟಿ ಮಾತ್ರ ಸಡಿಲವಾಗಿದ್ದರೆ ಹತ್ತು ನಿಮಿಷದ ಹೊಲಿಗೆಯಲ್ಲಿ ಅದು ಇನ್ನೊಂದು ವರ್ಷ ಬಂದೀತು.

ಹೆಬ್ಬೆಗಾಗಲಿ, ಕಲ್ಲತ್ತಿಗಿರಿಗಾಗಲಿ, ಯಾವ ತೀರ್ಥಕ್ಕಾಗಲಿ ಹೊರಡುವವರಲ್ಲಿ ನನ್ನದೊಂದು ಬಿನ್ನಹ. ಬುತ್ತಿಯ ಜೊತೆಗೆ ಒದ್ದೆಬಟ್ಟೆಗೆಂದು ಒಂದು ಚೀಲವನ್ನು ಇಟ್ಟುಕೊಳ್ಳಿ. ಉಟ್ಟು ಹೋದದ್ದನ್ನೆಲ್ಲ ಅದರಲ್ಲಿ ಹಾಕಿಕೊಂಡೇ ಹಿಂದಿರುಗಿ. ನೀರಿನಲ್ಲಿ ಬಿಡಲೇಬೇಕೆಂಬ ನಂಬಿಕೆ ಇದ್ದರೆ ಒಂದು ಹೂವಿನ ಎಸಳನ್ನು ಬಿಡಿ. ಅದು ಕೊಳೆತು ನೀರಿನೊಡನೆ ಒಂದಾಗುತ್ತದೆ. ಅಬ್ಬಿಯ ಕೆಳಗೆ ಲಕ್ಕವಳ್ಳಿಯಿದೆ, ಭದ್ರಾವತಿಯಿದೆ, ಹರಿಹರವಿದೆ. ಅಲ್ಲಿಯೂ ಬೆಳಿಗ್ಗೆ ಎದ್ದು ಯಾರೋ ಅದೇ ನೀರಿನಿಂದ ಕಾಫಿಗೆ ಎಸರಿಡುತ್ತಾರೆ.